ಕರು ಹಾಕಿದ ಹಸುವೂ ಕೆಂಪು ಗಂಜಳವೂ

ಬೇಲೂರು ತಾಲ್ಲೂಕಿನ ಹಗರೆಯ ಸುತ್ತಮುತ್ತ ಹೈನುಗಾರಿಕೆಯೂ ಕಾಯಕವೇ. ನಮ್ಮ ಲಿಂಗಪೂಜೆಯ ವಿಭೂತಿಗೆ ಸಗಣಿಯನ್ನೂ ಮಕ್ಕಳಿಗೆ ಹಾಲನ್ನೂ ನೀಡುವ ಹಸುವಿನ ಆರೋಗ್ಯ ನಮ್ಮ ಹೊಣೆಯಾಗಿದೆ.

ಹೆಚ್ಚು ಹಾಲು ಕೊಡುವ ಹಸು, ಎಮ್ಮೆಗಳು ಕರು ಹಾಕಿದ 2ರಿಂದ 4 ವಾರಗಳಲ್ಲಿ ಕೆಲವೊಮ್ಮೆ ಕಾಫಿ ಡಿಕಾಕ್ಷನ್ನಿನ ಬಣ್ಣದ ಗಂಜಳ ಹೊಯ್ಯುವುದುಂಟು. ಇದು ದೃಷ್ಟಿದೋಷವಲ್ಲ, ಬಹುಮಟ್ಟಿಗೆ ರಂಜಕದ ಕೊರತೆ. ಹಾಲಿನೊಡನೆ ರಂಜಕ ಹೊರಹೋಗುತ್ತದೆ. ರಾಗಿಹುಲ್ಲು, ಭತ್ತದ ಹುಲ್ಲುಗಳಲ್ಲಿ ಅದು ಅತ್ಯಲ್ಪ. ರಂಜಕ ಕುಗ್ಗಿದಾಗ ಕೆಂಪು ರಕ್ತಕಣಗಳು ಶಕ್ತಿಗುಂದಿ ಒಡೆಯುತ್ತವೆ. ಅವುಗಳ ಬಣ್ಣ ಗಂಜಳಕ್ಕಿಳಿಯುತ್ತದೆ. ವಸಡು ಬಿಳಿಚುತ್ತದೆ, ತಡಮಾಡಿದರೆ ಹಸು ಉಳಿಯುವುದು ಕಷ್ಟ.

ಉಣ್ಣೆಹುಳುವಿನಿಂದ ಬರುವ ಜ್ವರದಲ್ಲೂ ಗಂಜಳ ಕೆಂಪಾಗುವುದರಿಂದ ರಕ್ತಪರೀಕ್ಷೆ ಅವಶ್ಯಕ. ರಂಜಕದ ಕೊರತೆಯಾದರೆ ಪಶುವೈದ್ಯರು ಸೋಡಿಯಂ ಆಸಿಡ್ ಫಾಸ್ಫೇಟ್ ದ್ರಾವಣವನ್ನು ರಕ್ತನಾಳಕ್ಕೆ ನೀಡುವರು. ರಕ್ತ ತೀರ ಕುಂದಿದ್ದರೆ ಬೇರೊಂದು ಹಸುವಿನ ರಕ್ತವನ್ನೂ ಕೊಡುವರು.

ಮುಂಜಾಗ್ರತೆ ನಮ್ಮ ಕೈಯಲ್ಲೇ ಇದೆ. ಗೋಧಿ ಬೂಸಾ, ಅಕ್ಕಿ ತೌಡು, ಹಿಂಡಿಗಳಲ್ಲಿ ರಂಜಕ ಹೇರಳ. ಹಾಲು ಕರೆಯುವ ಹಸುವಿಗೆ ಇವುಗಳೊಡನೆ ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣವಿರಲಿ. ತುಂಬುಗಬ್ಬದಲ್ಲಿ ರಂಜಕ ಅತಿಯಾದರೆ ಹಾಲುಜ್ವರಕ್ಕೆ ಎಡೆಯಾಗುವುದರಿಂದ, ಆಗಿನ ಪ್ರಮಾಣವನ್ನು ವೈದ್ಯರನ್ನು ಕೇಳಿ ನಿರ್ಧರಿಸೋಣ.

ಕರು ಹಾಕಿದ ಮೊದಲ ತಿಂಗಳು ಪ್ರತಿದಿನ ಗಂಜಳದ ಬಣ್ಣವನ್ನು ಗಮನಿಸೋಣ. ಮೂಕಜೀವಿಯ ನೋವನ್ನು ಮೊದಲೇ ಅರಿಯುವುದೂ ದಯೆಯೇ ಸರಿ.