ಸಮವಸ್ತ್ರದ ಮೇಲಿನ ರೆಕ್ಕೆಗಳು

ಸಮವಸ್ತ್ರ ಹುಟ್ಟಿದ್ದು ಎಲ್ಲರನ್ನೂ ಒಂದೇ ಬಗೆಯಾಗಿ ಕಾಣಿಸುವುದಕ್ಕೆ. ಆದರೂ ಅದನ್ನು ತೊಟ್ಟ ಮನುಷ್ಯ ತನ್ನ ಪಾಲಿನ ಕಥೆಯನ್ನು ಹೇಳಲು ಅದರಲ್ಲೇ ಒಂದು ಮೂಲೆಯನ್ನು ಹುಡುಕಿಕೊಳ್ಳುತ್ತಾನೆ. ಎರಡನೆಯ ಮಹಾಯುದ್ಧದ ವೈಮಾನಿಕರು ಧರಿಸಿದ ಲಾಂಛನಗಳ ವಿಷಯವನ್ನು ಓದುವಾಗಲೆಲ್ಲ ನನಗೆ ಹೀಗೆನ್ನಿಸಿದೆ.

ಬ್ರಿಟನ್ನಿನ ವಿಮಾನ ಚಾಲಕರಿಗೆ ಜೋಡಿ ರೆಕ್ಕೆಯ ಲಾಂಛನ ಮಂಜೂರಾದದ್ದು 1913ರಲ್ಲಿ. ಚಾಲಕನೊಡನೆ ಹಾರುತ್ತಿದ್ದ ವೀಕ್ಷಕನಿಗೆ 1915ರಲ್ಲಿ ಒಂಟಿ ರೆಕ್ಕೆ ಬಂತು; ಅದರ ಬುಡದಲ್ಲಿ ಇಂಗ್ಲಿಷಿನ ‘ಓ’ ಅಕ್ಷರ. 1942ರಲ್ಲಿ ವೀಕ್ಷಕನ ಕೆಲಸವನ್ನು ಒಡೆದು, ದಾರಿಯ ಲೆಕ್ಕ ಹಾಕುವವನಿಗೆ ‘ಎನ್’, ಬಾಂಬಿನ ಗುರಿ ಹಿಡಿಯುವವನಿಗೆ ‘ಬಿ’ ಎಂಬ ಹೊಸ ಅಕ್ಷರಗಳನ್ನು ಕೊಟ್ಟರು. ಹಳಬರಲ್ಲಿ ಅನೇಕರು ತಮ್ಮ ‘ಓ’ವನ್ನು ಬಿಚ್ಚಲಿಲ್ಲ. ಎಲ್ಲ ವಿದ್ಯೆಯನ್ನೂ ಕಲಿತು, ಯುದ್ಧದ ಮೊದಲ ವರ್ಷಗಳನ್ನು ದಾಟಿ ಉಳಿದವರು ತಾವೆಂಬುದಕ್ಕೆ ಅವರ ಬಳಿ ಬೇರೆ ಗುರುತು ಇರಲಿಲ್ಲ.

ಅಮೆರಿಕ ಯುದ್ಧಕ್ಕಿಳಿಯುವ ಮೊದಲೇ ಬ್ರಿಟನ್, ಕೆನಡಾಗಳ ವಾಯುಪಡೆ ಸೇರಿದ್ದ ಅಮೆರಿಕನ್ ತರುಣರದು ಇನ್ನೊಂದು ಬಗೆ. ಸ್ವದೇಶದ ಪಡೆಗೆ ಬಂದ ಮೇಲೆ ಅವರಲ್ಲಿ ಕೆಲವರು ಎರಡೂ ಕಡೆಯ ರೆಕ್ಕೆಗಳನ್ನು ಬೆಸೆದು, ಯಾವ ನಿಯಮಾವಳಿಯಲ್ಲೂ ಇಲ್ಲದ ಮಿಶ್ರ ಲಾಂಛನ ಮಾಡಿಸಿಕೊಂಡರು. ಚೀನಾ–ಬರ್ಮಾ–ಭಾರತ ರಂಗದಲ್ಲಿದ್ದ ಅಮೆರಿಕನ್ನರಿಗೆ ನಮ್ಮ ದೇಶದ ಕುಶಲಕರ್ಮಿಗಳೇ ಬೆಳ್ಳಿಯಲ್ಲಿ, ಜರತಾರಿಯ ಕಸೂತಿಯಲ್ಲಿ ರೆಕ್ಕೆಗಳನ್ನು ಮಾಡಿಕೊಟ್ಟರು. ಕೈಕೆಲಸವಾದ್ದರಿಂದ ಒಂದರ ಗರಿ ಇನ್ನೊಂದರಂತಿಲ್ಲ.

ಅಧಿಕೃತ ಲಾಂಛನ ಒಬ್ಬನು ಏನು ಕಲಿತಿದ್ದಾನೆಂದು ಹೇಳುತ್ತದೆ. ಅವನ ಮೇಲೆ ಏನು ಹಾದುಹೋಯಿತೆಂದು ಹೇಳಲು ಅದಕ್ಕೆ ಬಾರದು. ಈ ಕೊರತೆಯನ್ನು ತುಂಬಿದ್ದು ಖಾಸಗಿ ಬಿಲ್ಲೆಗಳು. ಪ್ಯಾರಾಚೂಟಿನಿಂದ ಜೀವ ಉಳಿದವನಿಗೆ ಒಂದು ಪುಟ್ಟ ಚಿನ್ನದ ಹುಳು; ಪ್ಯಾರಾಚೂಟಿನ ಬಟ್ಟೆ ರೇಷ್ಮೆಯದಾಗಿದ್ದ ಕಾಲದ ಋಣ ಅದು. ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ವಿಮಾನ ಕಳೆದುಕೊಂಡು, ನಡೆದೇ ಶಿಬಿರಕ್ಕೆ ಮರಳಿದವನಿಗೆ 1941ರಿಂದ ರೆಕ್ಕೆ ಮೂಡಿದ ಬೂಟು. ಸಮುದ್ರಕ್ಕೆ ಬಿದ್ದು ಬದುಕಿದವನಿಗೆ 1942ರಿಂದ ಅಲೆಗಳ ಮೇಲೆ ರೆಕ್ಕೆಯ ಹೊಂಬಣ್ಣದ ಮೀನು. ಲೋಹದ ಅಭಾವದಿಂದ ಅದನ್ನು ಬಟ್ಟೆಯ ಮೇಲೆ ಕಸೂತಿ ಹಾಕುತ್ತಿದ್ದರು. ಮೀನನ್ನು ಸಮವಸ್ತ್ರದ ಮೇಲೆ ಧರಿಸಲು ಅನುಮತಿ ಇರಲಿಲ್ಲ. ಧರಿಸಿದವರು ಜೇಬಿನ ಮಡಿಕೆಯ ಅಡಿಯಲ್ಲಿ ಹೊಲಿದುಕೊಂಡರು. ಬೇಕೆನಿಸಿದಾಗ ಮಡಿಕೆ ಎತ್ತಿ ಗೆಳೆಯನಿಗೆ ತೋರಿಸಿದರಾಯಿತು.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದದ್ದು ಅಮೆರಿಕದ ಮಹಿಳಾ ಪೈಲಟ್‌ಗಳ ರೆಕ್ಕೆ. ಯುದ್ಧಕಾಲದಲ್ಲಿ 1,074 ಮಂದಿ ತರಬೇತಿ ಮುಗಿಸಿ, ಸೇನೆಯ ವಿಮಾನಗಳನ್ನು ಕಾರ್ಖಾನೆಯಿಂದ ನೆಲೆಗೆ ಒಯ್ದರು; ಫಿರಂಗಿಯವರ ಅಭ್ಯಾಸಕ್ಕೆಂದು ಗುರಿಯ ಬಟ್ಟೆಯನ್ನು ವಿಮಾನದ ಹಿಂದೆ ಎಳೆದುಕೊಂಡು ಹಾರಿದರು. ಕೆಲಸ ಸೇನೆಯದು, ದಾಖಲೆಯಲ್ಲಿ ಮಾತ್ರ ನಾಗರಿಕ ನೌಕರರು. 1943ರಲ್ಲಿ ಮೊದಲ ತಂಡ ಹೊರಬಂದಾಗ ಅವರಿಗೆ ಮಂಜೂರಾದ ಲಾಂಛನವೇ ಇರಲಿಲ್ಲ. ಅವರ ಮುಖ್ಯಸ್ಥೆ ಜಾಕ್ವೆಲಿನ್ ಕಾಕ್ರನ್ ಸ್ವಂತ ಹಣದಿಂದ ಪುರುಷರ ರೆಕ್ಕೆಗಳನ್ನೇ ತರಿಸಿ, ಅವುಗಳ ನಡುಭಾಗವನ್ನು ಬದಲಾಯಿಸಿ, ತಂಡದ ಸಂಖ್ಯೆ ಕೂಡಿಸಿ ಕೊಟ್ಟಳು. ನಡುವೆ ವಜ್ರಾಕೃತಿಯುಳ್ಳ ಅಧಿಕೃತ ರೆಕ್ಕೆ ಬಂದದ್ದು ಆ ವರ್ಷದ ಕೊನೆಗೆ.

ರೆಕ್ಕೆ ಬಂದರೂ ಪದವಿ ಬರಲಿಲ್ಲ. ಮೂವತ್ತೆಂಟು ಮಂದಿ ಸತ್ತರು. ಅವರಿಗೆ ಸೈನಿಕ ಗೌರವದ ಅಂತ್ಯಕ್ರಿಯೆಯ ಹಕ್ಕಿರಲಿಲ್ಲ. ದೇಹವನ್ನು ಊರಿಗೆ ಕಳುಹಿಸಲು ಗೆಳತಿಯರೇ ಚಂದಾ ಎತ್ತಿದ್ದುಂಟು. 1944ರ ಡಿಸೆಂಬರಿನಲ್ಲಿ ಪಡೆಯನ್ನು ವಿಸರ್ಜಿಸಿದರು. ಅವರು ಮಾಜಿ ಸೈನಿಕರೆಂದು ಕಾನೂನು ಒಪ್ಪಿದ್ದು 1977ರಲ್ಲಿ.

ಸಂಗ್ರಾಹಕರು ಇಂಥ ಬಿಲ್ಲೆಗಳನ್ನು ವಿರಳವೆಂಬ ಕಾರಣಕ್ಕೆ ಹುಡುಕುತ್ತಾರೆ. ನಾನು ಅವುಗಳನ್ನು ಅರ್ಜಿಗಳೆಂದು ಓದುತ್ತೇನೆ. ಕಾಕ್ರನ್ ಕೊಡಿಸಿದ ರೆಕ್ಕೆಯ ಅರ್ಜಿಗೆ ಉತ್ತರ ಬರಲು ಮೂವತ್ತನಾಲ್ಕು ವರ್ಷ ಹಿಡಿಯಿತು.