ಹೊಸ ಟ್ರ್ಯಾಕ್ಟರೋ, ಹಳೆಯದೋ? ಗಂಟೆಯ ಲೆಕ್ಕ ಹಾಕಿ ನೋಡಿ

ಟ್ರ್ಯಾಕ್ಟರು ಕೊಳ್ಳಬೇಕೆಂದು ಹೊರಟ ರೈತರು ಸಾಮಾನ್ಯವಾಗಿ ಮೊದಲು ಬೆಲೆಯನ್ನು, ಆಮೇಲೆ ಕಂತನ್ನು ವಿಚಾರಿಸುತ್ತಾರೆ. ವರ್ಷಕ್ಕೆ ಎಷ್ಟು ಗಂಟೆ ಕೆಲಸ ತಮ್ಮಲ್ಲಿದೆ ಎಂಬುದನ್ನು ಲೆಕ್ಕ ಹಾಕುವವರು ಕಡಿಮೆ. ಹೊಸದನ್ನು ಕೊಳ್ಳುವುದು ಲಾಭವೋ, ಬಳಸಿದ ಹಳೆಯದನ್ನು ಕೊಂಡು ದುರಸ್ತಿ ಮಾಡಿಸಿಕೊಂಡು ಹೋಗುವುದು ಲಾಭವೋ ಎಂಬುದು ಬಹುಮಟ್ಟಿಗೆ ಈ ಗಂಟೆಗಳಿಂದಲೇ ನಿರ್ಧಾರವಾಗುತ್ತದೆ. ಜಮೀನನ್ನು ಆಧಾರ ಮಾಡಿ ಸಾಲ ತರುವ ಮೊದಲು ಒಂದು ಸಂಜೆ ಕಾಗದ, ಪೆನ್ಸಿಲು ಹಿಡಿದು ಕೂರುವುದು ಒಳ್ಳೆಯದು.

ಟ್ರ್ಯಾಕ್ಟರಿನ ಖರ್ಚು ಎರಡು ಬಗೆ. ಅದು ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತಿದ್ದರೂ ಬರುವ ಖರ್ಚು ಒಂದು: ಸವಕಳಿ, ಹೂಡಿದ ಹಣದ ಬಡ್ಡಿ, ವಿಮೆ, ನೆರಳು. ದುಡಿದಾಗ ಮಾತ್ರ ಬರುವ ಖರ್ಚು ಇನ್ನೊಂದು: ಡೀಸೆಲ್, ಕೀಲೆಣ್ಣೆ, ದುರಸ್ತಿ, ಚಾಲಕನ ಕೂಲಿ. ಹೊಸ ಟ್ರ್ಯಾಕ್ಟರಿನಲ್ಲಿ ಮೊದಲನೆಯದು ಹೆಚ್ಚು, ಎರಡನೆಯದು ಕಡಿಮೆ. ಹಳೆಯದರಲ್ಲಿ ಇದು ತಿರುಗುಮುರುಗು.

ಒಂದು ಉದಾಹರಣೆ ನೋಡೋಣ. ಇಲ್ಲಿನ ಅಂಕಿಗಳನ್ನು ಲೆಕ್ಕ ತಿಳಿಸುವುದಕ್ಕಾಗಿ ಹಿಡಿದುಕೊಂಡಿದೆ. ನಿಮ್ಮ ಊರಿನ ದರಗಳನ್ನು ಇದೇ ಕ್ರಮದಲ್ಲಿ ಹಾಕಿಕೊಳ್ಳಿ. 45 ಅಶ್ವಶಕ್ತಿಯ ಹೊಸ ಟ್ರ್ಯಾಕ್ಟರನ್ನು 8,00,000 ರೂಪಾಯಿಗೆ ಕೊಂಡು, 10 ವರ್ಷ ಬಳಸಿ, 2,50,000ಕ್ಕೆ ಮಾರಿದಿರೆನ್ನಿ. ವರ್ಷಕ್ಕೆ ಸವಕಳಿ 55,000. ಕೊಂಡ ಬೆಲೆ ಮತ್ತು ಮಾರಿದ ಬೆಲೆಯ ಸರಾಸರಿ 5,25,000ಕ್ಕೆ ಶೇಕಡಾ 10ರಂತೆ ಬಡ್ಡಿ 52,500. ವಿಮೆ, ನೆರಳು ಮುಂತಾದುವಕ್ಕೆ 12,000. ಒಟ್ಟು 1,19,500 ರೂಪಾಯಿ. ಟ್ರ್ಯಾಕ್ಟರು ಒಂದು ಸಾಲು ಉಳದಿದ್ದರೂ ಈ ಹಣ ಹೋಗಿಯೇ ಹೋಗುತ್ತದೆ. ಸಾಲ ಮಾಡದೆ ಕೈಹಣದಿಂದ ಕೊಂಡವರೂ ಬಡ್ಡಿಯನ್ನು ಬಿಡಬಾರದು. ಆ ಹಣ ಬ್ಯಾಂಕಿನಲ್ಲಿದ್ದರೆ ಬಡ್ಡಿ ತರುತ್ತಿತ್ತಲ್ಲವೇ?

ಇನ್ನು ಅದೇ ಶಕ್ತಿಯ, 10 ವರ್ಷ ಬಳಸಿದ ಟ್ರ್ಯಾಕ್ಟರು 3,00,000ಕ್ಕೆ ಸಿಕ್ಕಿತೆನ್ನಿ. ಕೊಂಡ ಕೂಡಲೇ ಕ್ಲಚ್ಚು, ಇಂಜೆಕ್ಟರು, ಟೈರು ಎಂದು 60,000 ಬಿತ್ತು. 6 ವರ್ಷ ನಡೆಸಿ 1,20,000ಕ್ಕೆ ಮಾರಿದರೆ ಸವಕಳಿ ವರ್ಷಕ್ಕೆ 40,000, ಬಡ್ಡಿ 24,000, ವಿಮೆ ಇತ್ಯಾದಿ 8,000, ಒಟ್ಟು 72,000. ಅಂದರೆ ಕಟ್ಟುಖರ್ಚಿನಲ್ಲಿಯೇ ವರ್ಷಕ್ಕೆ 47,500 ರೂಪಾಯಿ ಉಳಿತಾಯ.

ಆದರೆ ದುಡಿಯುವಾಗ ಹಳೆಯದು ಈ ಉಳಿತಾಯವನ್ನು ತಿನ್ನುತ್ತಾ ಬರುತ್ತದೆ. ದುರಸ್ತಿಗೆ ಹೊಸದರಲ್ಲಿ ಗಂಟೆಗೆ 50 ರೂಪಾಯಿಯಾದರೆ ಹಳೆಯದರಲ್ಲಿ 120 ಎಂದಿಟ್ಟುಕೊಳ್ಳಿ. ಸವೆದ ಇಂಜಿನ್ನು ಅದೇ ಕೆಲಸಕ್ಕೆ ಗಂಟೆಗೆ ಅರ್ಧ ಲೀಟರು ಡೀಸೆಲ್ ಹೆಚ್ಚು ಕುಡಿದರೆ, ಲೀಟರಿಗೆ 90 ರೂಪಾಯಿಯಂತೆ ಇನ್ನೊಂದು 45. ಒಟ್ಟು ಗಂಟೆಗೆ 115 ರೂಪಾಯಿ ಅಧಿಕ. 47,500ನ್ನು 115ರಿಂದ ಭಾಗಿಸಿದರೆ ಸುಮಾರು 413 ಬರುತ್ತದೆ. ವರ್ಷಕ್ಕೆ 413 ಗಂಟೆಗಿಂತ ಕಡಿಮೆ ಕೆಲಸವಿರುವವರಿಗೆ ಹಳೆಯದು ಅಗ್ಗ, ಹೆಚ್ಚಿರುವವರಿಗೆ ಹೊಸದು ಅಗ್ಗ. 200 ಗಂಟೆ ಮಾತ್ರ ಕೆಲಸವಿದ್ದರೆ ಹಳೆಯದರಿಂದ 24,500 ರೂಪಾಯಿ ಉಳಿಯುತ್ತದೆ. ನೆರೆಹೊರೆಯವರ ಬಾಡಿಗೆ ಕೆಲಸವೂ ಸೇರಿ 800 ಗಂಟೆಯಾದರೆ ಅದೇ ಹಳೆಯದು 44,500 ರೂಪಾಯಿ ನಷ್ಟ ತರುತ್ತದೆ.

ಮೂರನೆಯ ದಾರಿಯನ್ನೂ ಮರೆಯಬಾರದು. 10 ಎಕರೆ ಖುಷ್ಕಿ ಜಮೀನಿನಲ್ಲಿ ಉಳುಮೆ, ಬಿತ್ತನೆ, ಗೊಬ್ಬರ ಸಾಗಣೆ ಎಲ್ಲ ಸೇರಿದರೂ ವರ್ಷಕ್ಕೆ 150 ಗಂಟೆ ದಾಟುವುದು ಕಷ್ಟ. ಅಷ್ಟಕ್ಕೇ ಆದರೆ ಮೇಲಿನ ಹಳೆಯ ಟ್ರ್ಯಾಕ್ಟರಿಗೂ, ಗಂಟೆಗೆ ನಾಲ್ಕೂವರೆ ಲೀಟರು ಡೀಸೆಲ್ ಮತ್ತು 100 ರೂಪಾಯಿ ಚಾಲಕನ ಕೂಲಿ ಸೇರಿಸಿದಾಗ, ಗಂಟೆಗೆ 1,105 ರೂಪಾಯಿ ಬೀಳುತ್ತದೆ. ನಿಮ್ಮ ಕಡೆ ಚಾಲಕ, ಡೀಸೆಲ್ ಸೇರಿ 1,000 ರೂಪಾಯಿಗೆ ಬಾಡಿಗೆ ಸಿಗುವುದಾದರೆ ಕೊಳ್ಳುವ ಗೋಜಿಗೇ ಹೋಗಬೇಕಾಗಿಲ್ಲ. ಕರ್ನಾಟಕದಲ್ಲಿ 2014ರಿಂದ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರಗಳು ಈ ಉದ್ದೇಶಕ್ಕಾಗಿಯೇ ಬಂದವು. ಮನೆಯ ಮುಂದೆ ಟ್ರ್ಯಾಕ್ಟರು ನಿಂತಿದ್ದರೆ ಊರಿನಲ್ಲಿ ಮರ್ಯಾದೆ ಎಂಬ ಮಾತು ಬೇರೆ. ಅದಕ್ಕೆ ಲೆಕ್ಕದಲ್ಲಿ ಜಾಗವಿಲ್ಲ.

ಹದ ತಪ್ಪಿದರೆ

ಮೇಲಿನ ಲೆಕ್ಕದಲ್ಲಿ ಸೇರದ ಒಂದು ವಿಷಯವಿದೆ. ಮೃಗಶಿರ ಮಳೆ ಬಿದ್ದು ಭೂಮಿ ಹದಕ್ಕೆ ಬಂದ ನಾಲ್ಕೈದು ದಿನಗಳಲ್ಲಿ ಟ್ರ್ಯಾಕ್ಟರು ಕೆಟ್ಟು ನಿಂತರೆ ಆಗುವ ಹಾನಿ ಮೆಕ್ಯಾನಿಕ್ಕಿನ ಚೀಟಿಯಲ್ಲಿ ಕಾಣುವುದಿಲ್ಲ. ಆಗ ಊರಿನ ಎಲ್ಲ ಟ್ರ್ಯಾಕ್ಟರುಗಳೂ ಹೊಲದಲ್ಲಿರುತ್ತವೆ, ಬಾಡಿಗೆಗೂ ಸಿಗುವುದಿಲ್ಲ. ಅದೇ ಟ್ರ್ಯಾಕ್ಟರು ಮಾಘಮಾಸದಲ್ಲಿ ಹತ್ತು ದಿನ ನಿಂತರೂ ಅಷ್ಟೇನೂ ನಷ್ಟವಿಲ್ಲ. ಆದ್ದರಿಂದ ಹಳೆಯ ಟ್ರ್ಯಾಕ್ಟರು ಇಟ್ಟುಕೊಳ್ಳುವವರು ದೊಡ್ಡ ದುರಸ್ತಿಗಳನ್ನೆಲ್ಲ ಏಪ್ರಿಲ್ ಒಳಗೆ ಮುಗಿಸಬೇಕು. ಫ್ಯಾನ್ ಬೆಲ್ಟು, ಡೀಸೆಲ್ ಫಿಲ್ಟರು, ರೇಡಿಯೇಟರ್ ಹೋಸು ಇವುಗಳ ಒಂದೊಂದು ಜೊತೆಯನ್ನು ಮುಂಗಾರಿಗೆ ಮುಂಚೆಯೇ ತಂದಿಟ್ಟುಕೊಳ್ಳಬೇಕು. ಬಿಡಿಭಾಗದ ಅಂಗಡಿಯಾಗಲಿ, ಕೈಪಳಗಿದ ಮೆಕ್ಯಾನಿಕ್ಕಾಗಲಿ ಹತ್ತಿರದಲ್ಲಿಲ್ಲದವರು ಹಳೆಯದರ ಆಸೆ ಬಿಡುವುದೇ ಲೇಸು.

ಬಿಡಿಭಾಗದ ಮಾತು ಬಂದಾಗ ತಯಾರಕರ ವಿಷಯವೂ ಬರುತ್ತದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿದ್ದ ಎಚ್.ಎಂ.ಟಿ. ಸಂಸ್ಥೆ 1971ರಿಂದ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರು ತಯಾರಿಸುತ್ತಿತ್ತು. ಗಟ್ಟಿಮುಟ್ಟಾದ ಯಂತ್ರವೆಂದು ಹೆಸರಾಗಿತ್ತು. 2016ರಲ್ಲಿ ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಹೀಗೆ ತಯಾರಿಕೆ ನಿಂತ ಟ್ರ್ಯಾಕ್ಟರು ಎಷ್ಟೇ ಅಗ್ಗವಾಗಿ ಬಂದರೂ, ಅದರ ಲೈನರು, ಪಿಸ್ಟನ್ನು, ಗೇರುಗಳು ನಿಮ್ಮ ತಾಲ್ಲೂಕು ಪೇಟೆಯಲ್ಲಿ ಸಿಗುತ್ತವೆಯೇ ಎಂದು ವಿಚಾರಿಸಿಯೇ ಮುಂದುವರಿಯಿರಿ.

ಬಳಸಿದ ಟ್ರ್ಯಾಕ್ಟರನ್ನು ಪರೀಕ್ಷಿಸುವುದು

ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ಹಿಡಿದು, ಸುಳಿ ನೋಡಿ, ನಡೆಸಿ ನೋಡುವ ನಾವು ಟ್ರ್ಯಾಕ್ಟರಿನ ಹೊಸ ಬಣ್ಣಕ್ಕೆ ಮರುಳಾಗುವುದುಂಟು. ಬೆಳಿಗ್ಗೆಯೇ ಹೋಗಿ, ನೀವು ಬರುವವರೆಗೆ ಚಾಲೂ ಮಾಡಬಾರದೆಂದು ಮಾರುವವರಿಗೆ ಮೊದಲೇ ಹೇಳಿ. ಇಂಜಿನ್ನು ಮುಟ್ಟಿದಾಗ ಬೆಚ್ಚಗಿದ್ದರೆ, ತಣ್ಣಗಿರುವಾಗ ಚಾಲೂ ಆಗದ ದೋಷವನ್ನು ಮುಚ್ಚಿಡುತ್ತಿದ್ದಾರೆಂದು ಅನುಮಾನಿಸಬಹುದು. ತಣ್ಣಗಿರುವಾಗಲೇ ರೇಡಿಯೇಟರಿನ ಮುಚ್ಚಳ ತೆಗೆದು, ನೀರಿನ ಮೇಲೆ ಎಣ್ಣೆಯ ಪದರವಿದೆಯೇ ನೋಡಿ. ಅಳತೆ ಕಡ್ಡಿಯಲ್ಲಿ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ಅದಕ್ಕೆ ನೀರು ಸೇರಿದೆ; ಅಂಥದನ್ನು ಅಲ್ಲಿಗೇ ಬಿಟ್ಟುಬಿಡಿ.

ಚಾಲೂ ಮಾಡಿ ಬಿಸಿಯಾದ ಮೇಲೆ ಹೊಗೆಯ ಬಣ್ಣ ಗಮನಿಸಿ. ನೀಲಿ ಹೊಗೆಯಾದರೆ ಇಂಜಿನ್ ಎಣ್ಣೆ ಉರಿಯುತ್ತಿದೆ, ರಿಂಗು ಮತ್ತು ಲೈನರು ಸವೆದಿವೆ. ಬೋರು ಕೆಲಸದ ಖರ್ಚು ಕಾದಿದೆಯೆಂದು ತಿಳಿಯಿರಿ. ಕಪ್ಪು ಹೊಗೆ ಅಷ್ಟು ಭಯಪಡುವಂಥದ್ದಲ್ಲ; ಗಾಳಿ ಶೋಧಕ ಕಟ್ಟಿಕೊಂಡಿದ್ದರೂ, ಇಂಜೆಕ್ಟರು ಕೆಟ್ಟಿದ್ದರೂ ಬರುತ್ತದೆ. ಎಣ್ಣೆ ತುಂಬುವ ಮುಚ್ಚಳ ತೆಗೆದಾಗ ಒಳಗಿಂದ ಹೊಗೆ ಬುಸುಬುಸು ಎಂದು ಉಕ್ಕಿದರೂ ಸವೆತದ ಗುರುತೇ. ಭಾರವಾದ ಒಂದು ಉಪಕರಣವನ್ನು ಹೈಡ್ರಾಲಿಕ್ಕಿನಿಂದ ಎತ್ತಿಸಿ ಇಂಜಿನ್ನು ನಿಲ್ಲಿಸಿ. ನೋಡನೋಡುತ್ತಿದ್ದಂತೆ ಅದು ಕೆಳಗಿಳಿದರೆ ಒಳಗೆ ಸೋರಿಕೆಯಿದೆ.

ಗಂಟೆ ತೋರಿಸುವ ಮೀಟರನ್ನು ಪೂರ್ತಿ ನಂಬಬೇಡಿ. 2,000 ಗಂಟೆ ಎಂದು ಮೀಟರು ಹೇಳುತ್ತಿದ್ದು ಕ್ಲಚ್ಚಿನ ಪೆಡಲು ಸವೆದು ಹೊಳೆಯುತ್ತಿದ್ದರೆ ಪೆಡಲಿನ ಸಾಕ್ಷ್ಯವೇ ಮೇಲು. ಹಿಂದೆ ಟ್ರೇಲರು ಸಿಕ್ಕಿಸುವ ಕೊಂಡಿಯ ತೂತು ಉದ್ದಕ್ಕೆ ಹಿಗ್ಗಿದ್ದರೆ ಆ ಟ್ರ್ಯಾಕ್ಟರು ಕಬ್ಬನ್ನೋ ಇಟ್ಟಿಗೆಯನ್ನೋ ಎಳೆದು ದಣಿದಿದೆ. ಕ್ಲಚ್ಚು, ಗೇರು, ಬ್ರೇಕುಗಳನ್ನು ಇನ್ನಷ್ಟು ಎಚ್ಚರದಿಂದ ನೋಡಿ. ಭತ್ತದ ಸೀಮೆಯಲ್ಲಿ ಕೆಸರುಗದ್ದೆ ಉತ್ತಿದ್ದರೆ ಆಕ್ಸಲ್ಲಿನ ಸೀಲುಗಳ ಕಡೆ ಕಣ್ಣಿರಲಿ. ಪರಿಚಯದ ಮೆಕ್ಯಾನಿಕ್ಕಿಗೆ ಒಂದು ದಿನದ ಕೂಲಿ ಕೊಟ್ಟು ಜೊತೆಗೆ ಕರೆದೊಯ್ಯುವುದು ಬಹಳ ಲಾಭದ ಖರ್ಚು. ಆದರೆ ಆತ ಮಾರುವವರ ಕಡೆಯವನಾಗಿರಬಾರದು!

ಬೆಲೆ ಮಾತಾಡುವಾಗ ಇನ್ನೊಂದು ವಿಷಯ ನೆನಪಿಡಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಕೃಷಿ ಟ್ರ್ಯಾಕ್ಟರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಹೊಸದರ ಬೆಲೆ ಇಳಿದ ಮೇಲೆ ಹಳೆಯದನ್ನು ಹಿಂದಿನ ದರದಲ್ಲೇ ಕೊಳ್ಳುವುದು ಜಾಣತನವಲ್ಲ. ಹೊಸದನ್ನೇ ಆರಿಸುವವರು ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯ ವರದಿಯನ್ನು ಮಾರಾಟಗಾರರಲ್ಲಿ ಕೇಳಿ ನೋಡಿರಿ. ಡೀಸೆಲ್ ಬಳಕೆಯ ನಿಜವಾದ ಅಳತೆ ಅದರಲ್ಲಿರುತ್ತದೆ.

ಮನೆಯಲ್ಲಿಯೇ ಹಳೆಯದಿದ್ದರೆ

"ಇಷ್ಟೆಲ್ಲ ಖರ್ಚು ಮಾಡಿದ್ದೇನೆ, ಈಗ ಹೇಗೆ ಮಾರಲಿ?" ಎಂದು ಹಲವರು ಕೇಳುತ್ತಾರೆ. ಹೋದ ಹಣ ಈ ಲೆಕ್ಕಕ್ಕೆ ಬರುವುದಿಲ್ಲ. ಇಂದು ಮಾರಿದರೆ ಎಷ್ಟು ಬರುತ್ತದೆ, ಮುಂದೆ ಎಷ್ಟು ಖರ್ಚಿದೆ ಎಂಬುದಷ್ಟೇ ಮುಖ್ಯ. 2,00,000 ಬೆಲೆಬಾಳುವ ಟ್ರ್ಯಾಕ್ಟರಿಗೆ 80,000 ರೂಪಾಯಿಯ ಬೋರು ಕೆಲಸ ಮಾಡಿಸಿ, 4 ವರ್ಷ ನಡೆಸಿ, 1,00,000ಕ್ಕೆ ಮಾರುವುದಾದರೆ ವರ್ಷಕ್ಕೆ ಸವಕಳಿ 45,000, ಬಡ್ಡಿ 19,000, ವಿಮೆ ಇತ್ಯಾದಿ 8,000, ಒಟ್ಟು 72,000. ಮೊದಲಿನ ಉದಾಹರಣೆಯ ಹಳೆಯ ಟ್ರ್ಯಾಕ್ಟರಿನಷ್ಟೇ ಆಯಿತು. 300 ಗಂಟೆ ಕೆಲಸವಿರುವವರು ಧೈರ್ಯವಾಗಿ ಮಾಡಿಸಬಹುದು. ಆದರೆ ಬೋರಿನ ಹಿಂದೆಯೇ ಗೇರುಪೆಟ್ಟಿಗೆಯೂ ಕಾದಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಎರಡನ್ನೂ ಒಟ್ಟಿಗೆ ಬಿಚ್ಚಿ ನೋಡಿಸದೆ ಒಂದಕ್ಕೆ ಹಣ ಹಾಕಬೇಡಿ.

ಇಂಜಿನ್ನಿನ ಆಯುಷ್ಯ ಉಳಿಸುವ ಅಗ್ಗದ ಉಪಾಯ ಗಾಳಿ ಶೋಧಕದ ಶುದ್ಧಿ. ರೋಟವೇಟರು ಎಬ್ಬಿಸುವ ಧೂಳು ಒಳಹೊಕ್ಕರೆ ರಿಂಗು, ಲೈನರುಗಳನ್ನು ಅರದಂತೆ ಉಜ್ಜುತ್ತದೆ. ಎಣ್ಣೆ ಬಟ್ಟಲಿನ ಶೋಧಕವಾದರೆ, ಧೂಳಿನ ಕೆಲಸದ ದಿನಗಳಲ್ಲಿ ನಿತ್ಯವೂ ಬಿಚ್ಚಿ ನೋಡಿ. ಕೆಸರು ಕೂತಿದ್ದರೆ ತೊಳೆದು ಹೊಸ ಎಣ್ಣೆ ಹಾಕಿ. ಖರ್ಚು, ಗಂಟೆ, ಡೀಸೆಲ್ ಎಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಮಾರುವಾಗ ಆ ಪುಸ್ತಕಕ್ಕೂ ಬೆಲೆ ಬರುತ್ತದೆ.

ಕಾಗದಪತ್ರ

ನೋಂದಣಿ ಪತ್ರದಲ್ಲಿರುವ ಇಂಜಿನ್ ಸಂಖ್ಯೆ, ಚಾಸಿ ಸಂಖ್ಯೆಗಳನ್ನು ಯಂತ್ರದ ಮೇಲಿನ ಸಂಖ್ಯೆಗಳೊಂದಿಗೆ ತಾಳೆ ನೋಡಬೇಕು. ಕೃಷಿ ಟ್ರ್ಯಾಕ್ಟರಿನ ನೋಂದಣಿ 15 ವರ್ಷಕ್ಕೆ. ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಹಿಂದಿನವರ ಸಾಲ ತೀರಿದ್ದರೆ ಬ್ಯಾಂಕಿನ ಹೆಸರು ನೋಂದಣಿ ಪತ್ರದಿಂದ ತೆಗೆದುಹೋಗಿರಬೇಕು. ಮಾರಿದವರು ರಾಜ್ಯದೊಳಗಿನ ವರ್ಗಾವಣೆಯನ್ನು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ವಿಮೆಯನ್ನೂ 14 ದಿನಗಳೊಳಗೆ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಿ. ಹಳೆಯದನ್ನು ಮಾರುವವರಿಗೂ ಇದು ಅಷ್ಟೇ ಮುಖ್ಯ: ಹೆಸರು ಬದಲಾಗದೆ ಉಳಿದು ಅಪಘಾತವಾದರೆ ನೋಂದಣಿಯಲ್ಲಿರುವವರೇ ಪರಿಹಾರಕ್ಕೆ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪು ಕೊಟ್ಟಿದೆ. ಕೊಳ್ಳುವವರು ಬೆಲೆಯನ್ನು ಬ್ಯಾಂಕಿನ ಮೂಲಕ ಪಾವತಿ ಮಾಡಿ, ಅದರ ಒಂದು ಭಾಗವನ್ನು ವರ್ಗಾವಣೆಯಾದ ನೋಂದಣಿ ಪತ್ರ ಕೈಸೇರುವವರೆಗೆ ತಮ್ಮಲ್ಲೇ ಉಳಿಸಿಕೊಳ್ಳುವಂತೆ ಕರಾರು ಮಾಡಿಕೊಳ್ಳಬಹುದು.