ಬಡಮಕ್ಕಳ ಅಹವಾಲು

ನಮ್ಮ ಹಳ್ಳಿಗಾಡಿನ ಎಷ್ಟೋ ಶಾಲೆಗಳ ಗೋಡೆಯ ಮೇಲೆ ಒಂದು ಮಾತನ್ನು ಕಾಣುತ್ತೇವೆ. ‘ಕೊಡುಗೆ’ ಎಂಬುದೇ ಆ ಮಾತು. ಅದರ ಮುಂದೆ ಒಬ್ಬರ ಹೆಸರು ಇರುತ್ತದೆ. ಅವರು ನಿವೇಶನ ಕೊಟ್ಟವರಿರಬಹುದು, ಕೊಠಡಿ ಕಟ್ಟಿಸಿದವರಿರಬಹುದು, ಒಂದು ಗಡಿಯಾರವನ್ನೋ ನಾಲ್ಕು ಬೆಂಚುಗಳನ್ನೋ ಒದಗಿಸಿದವರಿರಬಹುದು. ಆ ಹೆಸರನ್ನು ಓದಿ ನಾವು ಮುಂದೆ ನಡೆಯುತ್ತೇವೆ. ಹಾಗೆ ಕೊಟ್ಟದ್ದು ಊರ ಮಕ್ಕಳಿಗಾಗಿ. ಅದನ್ನು ಸರ್ಕಾರದ ಕೈಯಲ್ಲಿಟ್ಟದ್ದು ಕಾಪಾಡಲೆಂದು ಮಾತ್ರ. ಈ ಸಣ್ಣ ಸಂಗತಿಯನ್ನೇ ಹೆಸರಾಗಿ ಮಾಡಿಕೊಂಡು 2018ರ ಆಗಸ್ಟ್ ತಿಂಗಳಿನಲ್ಲಿ ಕನ್ನಡ ಚಲಚ್ಚಿತ್ರವೊಂದು ತೆರೆಗೆ ಬಂದಿತು. ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಎಂಬುದು ಅದರ ಪೂರ್ಣ ನಾಮಧೇಯ. ನಿರ್ದೇಶಿಸಿದವರು ಶ್ರೀ ರಿಷಬ್ ಶೆಟ್ಟಿಯವರು. 2018ನೆಯ ವರ್ಷದ ಅತ್ಯುತ್ತಮ ಮಕ್ಕಳ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿಯೂ ದೊರೆಯಿತು.

ಬಡಮಕ್ಕಳ ಬಾಳನ್ನು ಕುರಿತು ಕನ್ನಡದಲ್ಲಿ ಚಿತ್ರಗಳು ಬಂದಿಲ್ಲವೆಂದಲ್ಲ. 2006ರಲ್ಲಿ ತೆರೆಕಂಡ ‘ಕೇರ್ ಆಫ್ ಫುಟ್‌ಪಾತ್’ ಕೊಳೆಗೇರಿಯ ಹುಡುಗನೊಬ್ಬನ ಓದಿನ ಹಂಬಲವನ್ನು ತೋರಿಸಿತು. ಅದನ್ನು ನಿರ್ದೇಶಿಸಿದ ಕಿಶನ್ ಆಗ ಸ್ವತಃ ಬಾಲಕ. 2016ರ ‘ರೈಲ್ವೆ ಚಿಲ್ಡ್ರನ್’ ಮನೆಬಿಟ್ಟು ಬಂದು ರೈಲು ನಿಲ್ದಾಣದ ದಂಧೆಗಾರರ ಕೈಗೆ ಸಿಕ್ಕ ಮಕ್ಕಳ ಕಥೆ. ಅವುಗಳಲ್ಲಿ ಮಗು ಬಹುಮಟ್ಟಿಗೆ ಒಂಟಿ. ಕಾಸರಗೋಡಿನ ಶಾಲೆಯ ಕಥೆಯಲ್ಲಾದರೋ ಮಕ್ಕಳು ಒಟ್ಟಾಗಿ ಅನ್ಯಾಯವನ್ನು ಎದುರಿಸುತ್ತಾರೆ. ಅವರ ಅಹವಾಲು ನ್ಯಾಯಾಲಯದ ಕಟಕಟೆಯವರೆಗೆ ಹೋಗುತ್ತದೆ. ಈ ಚಿತ್ರದ ವಿಶೇಷ ಇದೇ.

ಕಥೆ ಸರಳವಾದದ್ದು. ಗಡಿನಾಡಿನ ಕನ್ನಡ ಶಾಲೆಗೆ ಕನ್ನಡ ಬಾರದ ಮಲೆಯಾಳಿ ಮೇಷ್ಟರೊಬ್ಬರು ಬರುತ್ತಾರೆ. ಅವರು ಹೇಳುವುದು ಮಕ್ಕಳಿಗೆ ತಿಳಿಯದು, ಮಕ್ಕಳು ಕೇಳುವುದು ಅವರಿಗೆ ತಿಳಿಯದು. ಮೊದಲು ಇದೆಲ್ಲ ನಗೆಯಾಗಿಯೇ ಸಾಗುತ್ತದೆ. ಅನಂತರ ನಗು ಕರಗಿ, ಶಿಕ್ಷಣಾಧಿಕಾರಿಯೊಬ್ಬನ ಭ್ರಷ್ಟ ಸಂಚು ಬಯಲಾಗುತ್ತದೆ. ಶಾಲೆಯ ಬಾಗಿಲು ಮುಚ್ಚುತ್ತದೆ. ಸಹಾಯವನ್ನು ಅರಸಿ ಊರಿನವರು ಮೈಸೂರಿನವರೆಗೆ ಹೋಗುತ್ತಾರೆ. ಅಲ್ಲಿಂದ ಬಂದ ಅನಂತ ಪದ್ಮನಾಭ ಎಂಬ ಹಿರಿಯರು ನ್ಯಾಯಾಲಯದಲ್ಲಿ ಮಕ್ಕಳ ಪರವಾಗಿ ಮಾತನಾಡುತ್ತಾರೆ. ಈ ಪಾತ್ರವನ್ನು ಶ್ರೀ ಅನಂತ ನಾಗ್ ಅವರು ನಿರ್ವಹಿಸಿದ್ದಾರೆ.

ಕಥೆ ಕಲ್ಪಿತವಾದರೂ ಅದು ನಿಂತ ನೆಲ ಕಲ್ಪಿತವಲ್ಲ. ಹಿಂದೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲ್ಲೂಕು, 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಮಹಾಜನ ಆಯೋಗವು 1967ರಲ್ಲಿ ಶಿಫಾರಸು ಮಾಡಿತಾದರೂ ಅದು ಕಾರ್ಯಗತವಾಗಲಿಲ್ಲ. ಹೀಗೆ ಅಲ್ಲಿನ ಕನ್ನಡಿಗರು ತಾವು ಹುಟ್ಟಿದ ಮನೆಯಲ್ಲೇ ಇದ್ದುಕೊಂಡು ಭಾಷಾ ಅಲ್ಪಸಂಖ್ಯಾತರಾದರು. ಗೋವಿಂದ ಪೈಗಳ ಮಂಜೇಶ್ವರ ಅಲ್ಲಿಯೇ ಇದೆ. ಕಾಸರಗೋಡಿನ ವಿಲೀನಕ್ಕಾಗಿ ದುಡಿದ ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದ ಶಾಲೆಯಲ್ಲಿ ಅಧ್ಯಾಪಕರಾಗಿದ್ದವರು. ಅಂಥ ನಾಡಿನಲ್ಲಿ ಶಾಲೆಯೆಂದರೆ ಪಾಠ ಹೇಳುವ ಕಟ್ಟಡ ಮಾತ್ರವಲ್ಲ; ಮಗುವಿನ ಭಾಷೆಗೆ ಸರ್ಕಾರಿ ಮನ್ನಣೆಯುಳ್ಳ ಕೊನೆಯ ನೆಲೆ. ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದುದನ್ನು ವಿರೋಧಿಸಿ ಕಾಸರಗೋಡಿನಲ್ಲಿ ಮಕ್ಕಳೂ ಪೋಷಕರೂ ನಿಜವಾಗಿಯೇ ಪ್ರತಿಭಟಿಸಿದ್ದುಂಟು.

ಇಲ್ಲಿ ವಾಚಕರು ಒಂದು ವಿಷಯವನ್ನು ಗಮನಿಸಬೇಕು. ಬಡವರ ಶಾಲೆಯನ್ನು ಯಾರೂ ಒಂದೇ ದಿನದಲ್ಲಿ ಮುಚ್ಚುವುದಿಲ್ಲ. ಮೊದಲು ಒಬ್ಬ ಮೇಷ್ಟರ ವರ್ಗವಾಗುತ್ತದೆ. ಆ ಸ್ಥಾನ ಹಾಗೆಯೇ ಖಾಲಿ ಉಳಿಯುತ್ತದೆ, ಇಲ್ಲವೆ ಪಾಠ ಹೇಳಲಾರದವರು ಬರುತ್ತಾರೆ. ಮಳೆಗಾಲದಲ್ಲಿ ಹೆಂಚು ಜಾರುತ್ತದೆ, ದುರಸ್ತಿಯ ಹಣ ಬರುವುದಿಲ್ಲ. ಕೈಯಲ್ಲಿ ನಾಲ್ಕು ಕಾಸು ಇರುವ ತಂದೆತಾಯಿಗಳು ಮಕ್ಕಳನ್ನು ಬೇರೆ ಶಾಲೆಗೆ ಹಾಕುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರುಗಳು ಇಳಿಯುತ್ತವೆ. ಆಗ ಅಧಿಕಾರಿ ‘ಮಕ್ಕಳಿಲ್ಲ’ ಎಂದು ಒಂದು ಸಾಲು ಬರೆಯುತ್ತಾನೆ. ಆ ಸಾಲು ಸುಳ್ಳಲ್ಲ. ಆದರೆ ಅದನ್ನು ನಿಜ ಮಾಡಿದವರು ಯಾರು ಎಂಬುದನ್ನು ಕಡತ ಹೇಳುವುದಿಲ್ಲ. ಲಂಚವೆಂದರೆ ಮೇಜಿನ ಕೆಳಗೆ ಕೈಬದಲಾಗುವ ನೋಟು ಎಂದಷ್ಟೇ ನಾವು ತಿಳಿದಿದ್ದೇವೆ. ಮಾಡಬೇಕಾದ ಕೆಲಸವನ್ನು ಬೇಕೆಂದೇ ಮಾಡದೆ ಬಿಡುವುದೂ ಭ್ರಷ್ಟಾಚಾರವೇ. ಶಾಲೆಯ ನಿವೇಶನಕ್ಕೆ ಬೆಲೆ ಬಂದ ಊರಿನಲ್ಲಿ ಇಂಥ ಉದಾಸೀನದಿಂದ ಲಾಭ ಪಡೆಯುವವರು ಇದ್ದೇ ಇರುತ್ತಾರೆ.

ಇದು ಸಿನಿಮಾದ ಅತಿಶಯೋಕ್ತಿ ಎನ್ನುವವರು ಕೇರಳದ ಕೋಳಿಕ್ಕೋಡಿನ ಮಲಾಪರಂಬ ಶಾಲೆಯನ್ನು ನೆನೆಯಬಹುದು. ಅದು ಅನುದಾನಿತ ಪ್ರಾಥಮಿಕ ಶಾಲೆ. 2014ರಲ್ಲಿ ಅದರ ಕಟ್ಟಡವನ್ನು ಕೆಡವಲಾಯಿತು; ಊರವರು ಸೇರಿ ಮತ್ತೆ ಕಟ್ಟಿದರು. 2016ರಲ್ಲಿ ಶಾಲೆ ಮುಚ್ಚಿದಾಗ ಮಕ್ಕಳಿಗೆ ಜಿಲ್ಲಾಧಿಕಾರಿಗಳ ಕಚೇರಿಯ ಆವರಣದಲ್ಲೇ ಪಾಠ ನಡೆಯಿತು. ಕೊನೆಗೆ ಸರ್ಕಾರವೇ ಶಾಲೆಯನ್ನು ವಹಿಸಿಕೊಂಡಿತು. ಊರು ಪಟ್ಟುಹಿಡಿದದ್ದರಿಂದ ಶಾಲೆ ಉಳಿಯಿತು.

ಕಾಸರಗೋಡು, ಕೋಳಿಕ್ಕೋಡುಗಳು ದೂರದ ಮಾತಾಯಿತು, ನಮಗೇನು ಎಂದು ನಮ್ಮ ಚಿಕ್ಕಬಳ್ಳಾಪುರ ಸೀಮೆಯವರು ಕೇಳುವಂತಿಲ್ಲ. ನಮ್ಮದೂ ಗಡಿಯ ಜಿಲ್ಲೆಯೇ. ಚಿಂತಾಮಣಿ, ಗೌರಿಬಿದನೂರು, ಬಾಗೇಪಲ್ಲಿಗಳ ಎಷ್ಟೋ ಮನೆಗಳಲ್ಲಿ ತಾಯಿ ಮಗುವನ್ನು ಕರೆಯುವುದು ತೆಲುಗಿನಲ್ಲಿ. ಮಗು ಅಕ್ಷರ ತಿದ್ದುವುದು ಕನ್ನಡದಲ್ಲಿ. ಆ ಎರಡು ಭಾಷೆಗಳ ನಡುವೆ ಸೇತುವೆಯಂತೆ ನಿಲ್ಲುವವರು ಊರ ಶಾಲೆಯ ಮೇಷ್ಟರು. ಮಗುವಿನ ಮಾತು ತಿಳಿಯದವರು ಕುರ್ಚಿಯಲ್ಲಿ ಕುಳಿತರೆ ಆಗುವ ಕಷ್ಟ ಏನೆಂಬುದನ್ನು ನಮಗೆ ಬೇರೆಯವರು ಹೇಳಬೇಕಾಗಿಲ್ಲ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡಕುಟುಂಬವೊಂದರಲ್ಲಿ ಹುಟ್ಟಿದ ಹುಡುಗ ಊರ ಶಾಲೆಯಲ್ಲಿ ಓದಿ, 1935ರಲ್ಲಿ ಬೆಂಗಳೂರಿಗೆ ನಡೆದೇ ಹೋಗಿ ನ್ಯಾಷನಲ್ ಹೈಸ್ಕೂಲನ್ನು ಸೇರಿದ. ಆತನೇ ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದ ಡಾ. ಎಚ್. ನರಸಿಂಹಯ್ಯನವರು. ನಂದಿಬೆಟ್ಟದ ಮಗ್ಗುಲಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಪ್ರಾಥಮಿಕ ವಿದ್ಯಾಭ್ಯಾಸ ನಡೆದದ್ದು ಚಿಕ್ಕಬಳ್ಳಾಪುರದಲ್ಲಿ. ಬೆಂಗಳೂರಿನಲ್ಲಿ ಕಾಲೇಜು ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿದವರು ಅವರು. ಅವರು ದಿವಾನರಾಗಿದ್ದ ಕಾಲದಲ್ಲಿ, 1913ರಲ್ಲಿ, ಮೈಸೂರು ಸಂಸ್ಥಾನವು ಪ್ರಾಥಮಿಕ ಶಿಕ್ಷಣದ ಕಾನೂನು ಮಾಡಿ ಆರಿಸಿದ ಪ್ರದೇಶಗಳಲ್ಲಿ ಓದನ್ನು ಕಡ್ಡಾಯಗೊಳಿಸಿತು. ಊರ ಹತ್ತಿರದ ಒಂದು ಶಾಲೆ ಮುಚ್ಚಿದರೆ ಮುಚ್ಚುವುದು ಇಂಥ ದಾರಿ ಎಂಬುದನ್ನು ಮರೆಯಬಾರದು. ಉಳ್ಳವರ ಮಗುವಿಗೆ ಇನ್ನೊಂದು ಶಾಲೆಯಿದೆ. ಕೂಲಿಯವರ ಮಗುವಿಗೆ ಇರುವುದು ಅದೊಂದೇ.

ಹಾಗಾದರೆ ಮಕ್ಕಳ ಅಹವಾಲಿಗೆ ಕಾನೂನಿನಲ್ಲಿ ಎಡೆಯಿದೆಯೆ? ಇದೆ. 1956ರಲ್ಲೇ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಅನುಕೂಲ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಹೇಳುತ್ತದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ನೆರೆಯಲ್ಲೇ ಉಚಿತ ಶಾಲೆ ಇರಬೇಕೆಂದು ವಿಧಿಸಿದೆ. ಮಂಜೂರಾದ ಅಧ್ಯಾಪಕ ಸ್ಥಾನಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಖಾಲಿ ಇರಕೂಡದು. ಸಾಧ್ಯವಾದ ಮಟ್ಟಿಗೆ ಪಾಠ ಮಗುವಿನ ಮಾತೃಭಾಷೆಯಲ್ಲಿ ನಡೆಯಬೇಕು. ಶಾಲೆಯ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ಮಗುವಿನ ಹಕ್ಕಿಗೆ ಚ್ಯುತಿ ಬಂದರೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಅದನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಉಂಟು. ಕಡತದಲ್ಲಿ ಏನಿದೆ ಎಂದು ತಿಳಿಯಲು 2005ರ ಮಾಹಿತಿ ಹಕ್ಕಿನ ಕಾಯಿದೆ ಇದೆ. ಸಾಮಾನ್ಯವಾಗಿ ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಅಧಿಕಾರಿಯೇ ತಪ್ಪಿತಸ್ಥನೆಂದು ತೋರಿದರೆ ಕರ್ನಾಟಕದಲ್ಲಿ ಲೋಕಾಯುಕ್ತರಿದ್ದಾರೆ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ಸೇರುವ ಏರ್ಪಾಡೂ ಇದೆ. ಅಲ್ಲಿ ಮಗುವೇ ಎದ್ದು ನಿಂತು, ಶಾಲೆಗೆ ನೀರಿಲ್ಲ, ಶೌಚಾಲಯಕ್ಕೆ ಬಾಗಿಲಿಲ್ಲ ಎಂದು ಹೇಳಬಹುದು.

ಇಷ್ಟೆಲ್ಲ ಇದ್ದರೂ ಒಂದು ಕೊರತೆ ಉಳಿಯುತ್ತದೆ. ದೂರು ಬರೆಯುವುದು ಯಾರು? ಬೆಳಿಗ್ಗೆ ಕೂಲಿಗೆ ಹೋಗಿ ಸಂಜೆ ಬರುವ ತಾಯಿಗೆ ಯಾವ ಕಚೇರಿಯ ಯಾವ ಮೇಜಿಗೆ ಹೋಗಬೇಕೆಂದು ಗೊತ್ತಿರುವುದಿಲ್ಲ. ಗೊತ್ತಿದ್ದರೂ ಒಂದು ದಿನದ ಕೂಲಿ ಕಳೆದುಕೊಂಡು ‘ನಾಳೆ ಬಾ’ ಎಂಬ ಮಾತನ್ನು ಕೇಳಿ ಬರಬೇಕು. ಮಗುವಿಗೆ ಧೈರ್ಯ ಇರಬಹುದು, ಆದರೆ ಸಹಿ ಮಾಡುವ ವಯಸ್ಸಿಲ್ಲ. ಚಿತ್ರ ಈ ಜಾಗವನ್ನು ಚೆನ್ನಾಗಿ ಗುರುತಿಸಿದೆ. ಮಕ್ಕಳಿಗೆ ಛಲವಿತ್ತು, ಊರಿಗೆ ಮನಸ್ಸಿತ್ತು; ಆದರೂ ಕಾಗದಪತ್ರದ ಮಾತು ಬಲ್ಲವರೊಬ್ಬರು ಪಟ್ಟಣದಿಂದ ಬಂದು ಜೊತೆಗೆ ನಿಲ್ಲುವವರೆಗೆ ಕೆಲಸ ಮುಂದೆ ಸಾಗಲಿಲ್ಲ.

ಬಾನುಲಿಯ ಮುಂದೆ ಕುಳಿತು ವಾರ್ತೆ ಕೇಳುವ ಪಟ್ಟಣದ ಮನೆಮಂದಿಗೆ ಈ ಚಿತ್ರದಿಂದ ಬರುವ ಮಾತು ಇದು. ನಮ್ಮ ಮಕ್ಕಳು ಬಹುಶಃ ಬೇರೆ ಶಾಲೆಗಳಿಗೆ ಹೋಗುತ್ತಾರೆ. ಆದರೆ ನಮ್ಮ ಮನೆಗೆ ಹಾಲು ತರುವವರ ಮಗು, ಪಾತ್ರೆ ತೊಳೆಯುವಾಕೆಯ ಮಗು, ರೇಷ್ಮೆಗೂಡು ಬಿಡಿಸುವವರ ಮಗು ಸರ್ಕಾರಿ ಶಾಲೆಯಲ್ಲಿ ಓದುತ್ತಿರುತ್ತದೆ. ‘ನಿನ್ನ ಶಾಲೆಯಲ್ಲಿ ಎಷ್ಟು ಜನ ಮೇಷ್ಟರು ಇದ್ದಾರಪ್ಪ?’ ಎಂದು ಒಮ್ಮೆ ಕೇಳಿ ನೋಡೋಣ. ಉತ್ತರ ಸರಿಯಿಲ್ಲವೆಂದು ತೋರಿದರೆ ಒಂದು ಅರ್ಜಿ ಬರೆದುಕೊಡೋಣ. ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆಯುವುದನ್ನು ತೋರಿಸಿಕೊಡೋಣ. ಸಮಿತಿಯ ಸಭೆಗೆ ಹೋಗುವಂತೆ ಆ ತಾಯಿಗೆ ಹೇಳೋಣ. ಇದಕ್ಕೆ ಬೇಕಾದದ್ದು ಒಂದು ಹಾಳೆ ಕಾಗದ, ಅರ್ಧ ಗಂಟೆ.

ಚಿತ್ರವನ್ನು ಮನೆಯ ಮಕ್ಕಳೊಡನೆ ಕುಳಿತು ನೋಡಿ. ನಗುವ ಕಡೆ ಧಾರಾಳವಾಗಿ ನಗಿರಿ. ನೋಡಿ ಮುಗಿದ ಮೇಲೆ, ನಿಮ್ಮ ಬೀದಿಯ ಸರ್ಕಾರಿ ಶಾಲೆಯ ಗೋಡೆಯ ಮೇಲೆ ‘ಕೊಡುಗೆ’ ಎಂಬ ಮಾತಿನ ಮುಂದೆ ಯಾರ ಹೆಸರಿದೆ ಎಂದು ಮಕ್ಕಳಿಂದಲೇ ಓದಿಸಿ. ಅವರು ಕೊಟ್ಟದ್ದು ಯಾರಿಗಾಗಿ, ಅದು ಈಗ ಯಾರ ಪಾಲಾಗಿದೆ ಎಂಬ ಪ್ರಶ್ನೆಯನ್ನು ಮಕ್ಕಳೇ ಮುಂದೆ ಕೇಳುತ್ತಾರೆ.